ಕತ್ತಿ ಹಿಡೀಬೇಕಾ, ಈಟಿ ಹಿಡೀಬೇಕಾ? ಮಧ್ಯಯುಗದ ಕಾಲಾಳಿಗೊಂದು ಹೋಲಿಕೆಯ ಮಾರ್ಗದರ್ಶಿ

1181ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ಹೆನ್ರಿ ಒಂದು ಆಜ್ಞೆ ಹೊರಡಿಸಿದ. ಸ್ವತಂತ್ರರಾದ ಗಂಡಸರೆಲ್ಲ ಆಸ್ತಿಗೆ ತಕ್ಕ ಹಾಗೆ ಮನೆಯಲ್ಲಿ ಆಯುಧ ಇಟ್ಟುಕೊಂಡಿರಬೇಕು, ಕರೆ ಬಂದ ದಿನ ಹೊತ್ತುಕೊಂಡು ಬರಬೇಕು. ಉಳ್ಳವರು ಕಬ್ಬಿಣದ ಕೊಂಡಿಗಳ ಕವಚ, ಶಿರಸ್ತ್ರಾಣ, ಗುರಾಣಿ, ಈಟಿ ತರಬೇಕು. ಅಷ್ಟು ಇಲ್ಲದವರು ಕೌದಿಯ ಹಾಗೆ ಒತ್ತಾಗಿ ಹೊಲಿದ ದಪ್ಪ ಅಂಗಿ, ಕಬ್ಬಿಣದ ಟೊಪ್ಪಿ, ಈಟಿ ತಂದರೆ ಸಾಕು. ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿ. ಕತ್ತಿಯ ಹೆಸರೇ ಇಲ್ಲ.

ಹಾಗಂತ ಯಾರ ಹತ್ತಿರವೂ ಕತ್ತಿ ಇರಲಿಲ್ಲ ಅಂತಲ್ಲ. ನೈಟ್ ಅನ್ನುವ, ಕವಚ ತೊಟ್ಟ ಕುದುರೆ ಸವಾರ ಯೋಧರ ಸೊಂಟದಲ್ಲಿ ಅದು ಇದ್ದೇ ಇತ್ತು. ಆದರೆ ದೊರೆ ತನ್ನ ಪ್ರಜೆಗಳಿಂದ ಕಡ್ಡಾಯವಾಗಿ ಕೇಳಿದ್ದು ಈಟಿಯನ್ನು. ನಮ್ಮ ನಾಟಕಗಳಲ್ಲಿ, ಸಿನಿಮಾಗಳಲ್ಲಿ, ಮಕ್ಕಳು ಆಡುವ ಕಂಪ್ಯೂಟರ್ ಆಟಗಳಲ್ಲಿ ಮಾತ್ರ ಎಲ್ಲರೂ ಒಂದೊಂದು ಕತ್ತಿ ಎಳೆದುಕೊಂಡು ಓಡುತ್ತಾರೆ. ನೋಡೋಕೆ ಚೆನ್ನಾಗಿರುತ್ತೆ, ಅಲ್ವಾ?

ಈ ಮಾರ್ಗದರ್ಶಿ ಕಥೆ, ನಾಟಕ ಬರೆಯುವವರಿಗೆ ಮತ್ತು ಪರದೆ ಮೇಲೆ ಸೈನ್ಯ ಕಟ್ಟಿ ಆಡುವವರಿಗೆ. ಕಾಲ 1066ರಿಂದ 1500ರ ಆಸುಪಾಸಿನವರೆಗೆ, ಜಾಗ ಪಶ್ಚಿಮ ಮತ್ತು ಮಧ್ಯ ಯುರೋಪು. ಕುದುರೆ ಸವಾರನ ಲೆಕ್ಕ ಬೇರೆ, ಅದನ್ನು ಇಲ್ಲಿ ತರುವುದಿಲ್ಲ. ನಿಮ್ಮ ಕಾಲಾಳಿನ ಕೈಗೆ ಏನು ಕೊಡಬೇಕು ಅನ್ನುವುದಷ್ಟೇ ಪ್ರಶ್ನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕತ್ತಿ ಎರಡನೇ ಆಯುಧ. ಸಾಲು ನಿಂತಿರುವ ತನಕ ಕೆಲಸ ಮಾಡುವುದು ಉದ್ದದ ಕೋಲು. ಸಾಲು ಒಡೆದ ಮೇಲೆ, ಎದುರಾಳಿಯ ಉಸಿರು ಮುಖಕ್ಕೆ ತಾಗುವಷ್ಟು ಹತ್ತಿರ ಬಂದಾಗ ಕತ್ತಿ. ಹಾಗಾಗಿ ಯಾವ ಕತ್ತಿ ಅಂತ ಕೇಳುವ ಮೊದಲು ಯಾವ ಸಾಲು ಅಂತ ಕೇಳಬೇಕು.

ಮೊದಲು ಜೇಬು ನೋಡಿಕೊಳ್ಳಿ

ರೈನ್ ನದಿಯ ಸೀಮೆಯಲ್ಲಿದ್ದ ರಿಪುವೇರಿಯನ್ ಫ್ರಾಂಕರ ಕಾನೂನಿನಲ್ಲಿ ಒಂದು ಬೆಲೆಪಟ್ಟಿ ಇದೆ. ನಾವು ಇಲ್ಲಿ ಆರಿಸಿಕೊಂಡ 1066-1500ರ ಕಾಲಕ್ಕಿಂತ ಮುಂಚಿನದು, ಆದರೂ ಅಂದಾಜಿಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಗುರಾಣಿ ಮತ್ತು ಈಟಿ ಎರಡೂ ಸೇರಿ 2 ಸಾಲಿಡಸ್ ನಾಣ್ಯ. ಒಂದು ಗಟ್ಟಿಮುಟ್ಟಾದ ಎತ್ತಿಗೂ 2. ಒರೆ ಸಮೇತ ಕತ್ತಿ ಬೇಕೆಂದರೆ 7. ಅಂದರೆ ಮೂರು ಎತ್ತು ಮಾರಿದರೂ ಒಂದು ಕತ್ತಿಗೆ ಕಡಿಮೆ ಬೀಳುತ್ತದೆ. ಕೊಂಡಿ ಕವಚಕ್ಕೆ 12. ಇದರಲ್ಲಿ ನನಗೆ ಮಜಾ ಅನ್ನಿಸಿದ್ದು ಒರೆಯ ಬೆಲೆ. ಒರೆ ಇಲ್ಲದ ಕತ್ತಿಗೆ ಬರೀ 3 ಸಾಲಿಡಸ್. ಕತ್ತಿಗಿಂತ ಅದರ ಅಂಗಿಗೇ ಜಾಸ್ತಿ!

ಈಟಿ ಯಾಕೆ ಅಗ್ಗ ಅಂತ ಯಾವ ಕುಲುಮೆಯವರನ್ನು ಕೇಳಿದರೂ ಹೇಳುತ್ತಾರೆ. ಒಂದು ಹಿಡಿ ಕಬ್ಬಿಣ, ಒಂದು ನೆಟ್ಟಗಿನ ಕೋಲು, ಮುಗೀತು. ಕತ್ತಿಗಾದರೆ ಮುಕ್ಕಾಲು ಮೀಟರ್ ಉದ್ದದ ಅಲಗು ಬೇಕು. ಅಂಚು ಗಟ್ಟಿ ಇರಬೇಕು, ಆದರೆ ಪೆಟ್ಟು ಬಿದ್ದರೆ ಗಾಜಿನ ಹಾಗೆ ಸಿಡಿಯಬಾರದು. ಬಾಗಿಸಿದರೆ ವಾಪಸ್ ನೆಟ್ಟಗಾಗಬೇಕು. ಕಾಯಿಸಿ ನೀರಿಗೆ ಅದ್ದುವಾಗ ಒಂದು ಕ್ಷಣ ತಪ್ಪಿದರೆ ಅಷ್ಟು ದಿನದ ಕೆಲಸ ಸೊಟ್ಟ.

ಕಾಲ ಕಳೆದಂತೆ ಲೆಕ್ಕ ಬದಲಾಯಿತು. 1285ರಲ್ಲಿ ಒಂದನೇ ಎಡ್ವರ್ಡ್ ವಿಂಚೆಸ್ಟರಿನಲ್ಲಿ ಮಾಡಿದ ಶಾಸನ ನೋಡಿ. ಜಮೀನಿನಿಂದ ವರ್ಷಕ್ಕೆ 40ರಿಂದ 100 ಶಿಲ್ಲಿಂಗ್ ಬರುವವನು ಕತ್ತಿ, ಬಿಲ್ಲು ಬಾಣ, ಚೂರಿ ಇಟ್ಟುಕೊಂಡಿರಬೇಕು ಅನ್ನುತ್ತದೆ ಅದು. ನೂರು ವರ್ಷದಲ್ಲಿ ಕತ್ತಿ ಮಧ್ಯಮ ವರ್ಗದ ಮನೆಗೆ ಇಳಿದಿತ್ತು. ಹಾಗಾಗಿ ನಿಮ್ಮ ಕಥೆ 1100ರಲ್ಲಿ ನಡೆಯುತ್ತಿದ್ದರೆ ಸಾಮಾನ್ಯ ರೈತನ ಸೊಂಟಕ್ಕೆ ಕತ್ತಿ ಕಟ್ಟಬೇಡಿ. 1400ರಲ್ಲಿ ನಡೆದರೆ ಕಟ್ಟಿ, ಯಾರೂ ತಪ್ಪು ಹಿಡಿಯುವುದಿಲ್ಲ.

ಅಂಗಳದಲ್ಲಿ ಒಂದು ಪರೀಕ್ಷೆ

ನಮ್ಮ ಊರಿನ ಮನೆಯಲ್ಲಿ ತೆಂಗಿನಕಾಯಿ ಕೀಳುವ ಹಳೆಯ ಬಿದಿರಿನ ದೋಟಿ ಒಂದಿದೆ. ಹದಿನೆಂಟು ಅಡಿ ಇರಬಹುದು. ಸ್ವಿಸ್ ಕಾಲಾಳುಗಳು ಹಿಡಿಯುತ್ತಿದ್ದ ಪೈಕ್ ಅನ್ನುವ ಉದ್ದ ಈಟಿಯೂ ಹೆಚ್ಚುಕಡಿಮೆ ಅಷ್ಟೇ, ಐದರಿಂದ ಐದೂವರೆ ಮೀಟರ್. ಬೇಸಿಗೆ ರಜೆಗೆ ಬಂದಿದ್ದ ಅಕ್ಕನ ಮಗ ಆಟದಲ್ಲಿ ಬರೀ ಕತ್ತಿಯವರ ದಳ ಕಟ್ಟಿ ಮೂರು ಸಲ ಸೋತಿದ್ದ. "ಮಾವ, ಕೋಲು ಹಿಡಿದವನು ಕತ್ತಿ ಹಿಡಿದವನನ್ನು ಹೆಂಗೆ ಹೊಡೀತಾನೆ?" ಅಂತ ವಾದಕ್ಕೆ ನಿಂತ. ಬಾ ನೋಡೋಣ ಅಂದೆ.

ಅವನ ಕೈಗೆ ಕ್ರಿಕೆಟ್ ಬ್ಯಾಟ್. ಇದು ತಮಾಷೆಗೆ ಆರಿಸಿದ್ದಲ್ಲ. ಒಂಟಿ ಕೈಯ ಕತ್ತಿಯ ಒಟ್ಟು ಉದ್ದ ಸುಮಾರು 90-95 ಸೆಂಟಿಮೀಟರ್, ತೂಕ 1ರಿಂದ 1.3 ಕಿಲೋ. ಬ್ಯಾಟೂ ಅಷ್ಟೇ. ವ್ಯತ್ಯಾಸ ಏನೆಂದರೆ ಬ್ಯಾಟಿನ ಭಾರ ತುದಿಯಲ್ಲಿದೆ, ಕತ್ತಿಯ ಭಾರ ಹಿಡಿಯ ಹತ್ತಿರ ಇರುತ್ತದೆ. ಹಿಡಿಯ ಹಿಂದಿನ ಗುಂಡು ಇರುವುದು ಅದಕ್ಕೇ. ಹಾಗಾಗಿ ಕತ್ತಿ ಕೈಯಲ್ಲಿ ಬ್ಯಾಟಿಗಿಂತ ಹಗುರ ಅನ್ನಿಸುತ್ತದೆ. ಹತ್ತು ಕಿಲೋ ಕತ್ತಿ, ಎತ್ತೋಕೆ ಇಬ್ಬರು ಬೇಕು, ಇದೆಲ್ಲ ಸುಮ್ನೆ ಕಟ್ಟುಕಥೆ.

ನಾನು ದೋಟಿಯನ್ನು ಎದೆಯ ಮಟ್ಟಕ್ಕೆ ಅಡ್ಡ ಹಿಡಿದೆ. ಮೊದಲು ಗೊತ್ತಾಗಿದ್ದು ತುದಿಯ ತೊನೆದಾಟ. ನಾನು ಬೆರಳಷ್ಟು ಅಲುಗಿಸಿದರೆ ಆ ಕಡೆ ತುದಿ ಮೊಳದಷ್ಟು ಆಡುತ್ತದೆ. ಹುಡುಗ ಎಡಕ್ಕೆ ಸರಿದರೆ ತುದಿ ಅವನ ಹಿಂದೆ ಹೋಗುವಷ್ಟರಲ್ಲಿ ತಡ. ಎರಡು ನಿಮಿಷಕ್ಕೆ ನನ್ನ ಮುಂಗೈ ನೋಯತೊಡಗಿತು. ಅವನು ಬ್ಯಾಟಿನಿಂದ ತುದಿಯನ್ನು ಪಕ್ಕಕ್ಕೆ ತಳ್ಳಿ, ಬಗ್ಗಿ, ಒಳಗೆ ನುಗ್ಗಿ ನನ್ನ ಹೊಟ್ಟೆಗೆ ಬ್ಯಾಟ್ ಇಟ್ಟ. ಅಷ್ಟು ಹತ್ತಿರ ಬಂದವನನ್ನು ಹದಿನೆಂಟು ಅಡಿ ಕೋಲಿನಿಂದ ಏನು ಮಾಡೋದು? ಕೈಬಿಡಬೇಕು, ಅಷ್ಟೇ.

ಆಮೇಲೆ ಪಕ್ಕದ ಮನೆಯ ಇಬ್ಬರು ಹುಡುಗರನ್ನು ಕರೆದೆವು. ಬಟ್ಟೆ ಒಣಹಾಕುವ ಗಳ ಒಬ್ಬನಿಗೆ, ಜೇಡ ತೆಗೆಯುವ ಉದ್ದ ಕೋಲು ಇನ್ನೊಬ್ಬನಿಗೆ. ಮೂವರೂ ಭುಜಕ್ಕೆ ಭುಜ ತಾಗಿಸಿ ನಿಂತೆವು. ಈಗ ಅವನು ಒಂದು ತುದಿ ತಳ್ಳಿದರೆ ಇನ್ನೊಂದು ಎದೆಗೆ ಬರುತ್ತದೆ. ಹತ್ತು ಸಲ ಪ್ರಯತ್ನಪಟ್ಟ, ಒಂದು ಸಲವೂ ಒಳಗೆ ಬರಲಾಗಲಿಲ್ಲ. ಹನ್ನೊಂದನೇ ಸಲ ಸುತ್ತು ಹಾಕಿ ಪಕ್ಕದಿಂದ ಬಂದ. ನಾವು ತಿರುಗೋಣ ಅಂದರೆ ಮೂರು ಕೋಲೂ ಒಂದಕ್ಕೊಂದು ಸಿಕ್ಕಿಕೊಂಡವು, ತುಳಸಿಕಟ್ಟೆಯ ಮೇಲಿನ ದೀಪ ಬಿತ್ತು, ಅಮ್ಮ ಹೊರಗೆ ಬಂದರು. ಯುದ್ಧ ನಿಂತಿತು.

ಆ ಅರ್ಧ ಗಂಟೆಯಲ್ಲಿ ಮಧ್ಯಯುಗದ ಕಾಲಾಳು ಯುದ್ಧದ ಮುಕ್ಕಾಲು ಪಾಲು ಇತ್ತು. ಉಳಿದದ್ದಕ್ಕೆ ಊರು, ವರ್ಷ ಸೇರಿಸಿದರೆ ಆಯಿತು.

ಗುರಾಣಿ ಗೋಡೆ

1066ರ ಅಕ್ಟೋಬರ್ 14, ಹೇಸ್ಟಿಂಗ್ಸ್. ದೊರೆ ಹೆರಾಲ್ಡನ ಇಂಗ್ಲಿಷರು ಗುಡ್ಡದ ನೆತ್ತಿಯ ಮೇಲೆ ಗುರಾಣಿಗೆ ಗುರಾಣಿ ತಾಗಿಸಿ ನಿಂತರು. ಕೈಯಲ್ಲಿ ಈಟಿ, ನಡುನಡುವೆ ಎರಡು ಕೈಯಲ್ಲಿ ಬೀಸುವ ದೊಡ್ಡ ಕೊಡಲಿಯವರು. ನಾರ್ಮನ್ ವಿಲಿಯಂನ ಸವಾರರು ಬೆಳಿಗ್ಗೆಯಿಂದ ಹತ್ತಿ ಬಂದು ಬಡಿದರೂ ಗೋಡೆ ಬೀಳಲಿಲ್ಲ. ಅವರು ಸೋತು ಓಡುವ ನಾಟಕ ಮಾಡಿ, ಇಂಗ್ಲಿಷರು ಅಟ್ಟಿಸಿಕೊಂಡು ಕೆಳಗಿಳಿದ ಮೇಲೆಯೇ ಅಲ್ಲಲ್ಲಿ ಸಂದು ಬಿದ್ದದ್ದು. ಕತ್ತಲಾಗುವ ಹೊತ್ತಿಗೆ ಹೆರಾಲ್ಡ್ ಸತ್ತಿದ್ದ.

ಗುರಾಣಿ ಗೋಡೆ ಆರಿಸುವುದಾದರೆ ಅದರ ಜೊತೆ ಗಿಡ್ಡ ಕತ್ತಿ ಅಥವಾ ಉದ್ದ ಚೂರಿ ಚೆನ್ನಾಗಿ ಹೊಂದುತ್ತದೆ. ಎರಡೂ ಕಡೆ ನಮ್ಮವರೇ ಒತ್ತಿಕೊಂಡು ನಿಂತಿರುವಾಗ ಕೈ ಬೀಸಿ ಹೊಡೆಯೋಕೆ ಜಾಗ ಎಲ್ಲಿ? ಗುರಾಣಿಯ ಮೇಲಿಂದ ಇಲ್ಲವೇ ಕೆಳಗಿಂದ ಚುಚ್ಚಬೇಕು.

ಕೆಳಗಿಂದ ಅಂದೆನಲ್ಲ, ಅದಕ್ಕೆ ಸಾಕ್ಷಿ ಮೂಳೆಗಳಲ್ಲೇ ಇದೆ. 1361ರ ಜುಲೈಯಲ್ಲಿ ಡೆನ್ಮಾರ್ಕಿನ ದೊರೆ ವಾಲ್ಡೆಮಾರನ ಸೈನ್ಯ ಬಾಲ್ಟಿಕ್ ಸಮುದ್ರದ ಗಾಟ್ಲೆಂಡ್ ದ್ವೀಪದಲ್ಲಿ, ವಿಸ್ಬಿ ಪಟ್ಟಣದ ಗೋಡೆಯ ಹೊರಗೆ, ಅಲ್ಲಿನ ರೈತರನ್ನು ಕೊಚ್ಚಿಹಾಕಿತು. ಹೆಣಗಳನ್ನು ದೊಡ್ಡ ಗುಂಡಿಗಳಲ್ಲಿ ಹೂತರು. ಇಪ್ಪತ್ತನೇ ಶತಮಾನದಲ್ಲಿ ಅಗೆದಾಗ ಸಾವಿರಕ್ಕೂ ಹೆಚ್ಚು ಜನರ ಮೂಳೆ ಸಿಕ್ಕಿತು. ಕೆಲವು ತಲೆಬುರುಡೆಗಳ ಮೇಲೆ ಕೊಂಡಿ ಕವಚದ ಟೊಪ್ಪಿ ಇನ್ನೂ ಹಾಗೇ ಇತ್ತು. ಕಡಿದ ಗಾಯಗಳಲ್ಲಿ ಹೆಚ್ಚಿನವು ಮೊಣಕಾಲಿನ ಕೆಳಗೆ. ಗುರಾಣಿ ತಲೆ, ಎದೆ ಕಾಯುತ್ತದೆ. ಕಾಲು ಬಯಲು. ನಿಮ್ಮ ನಾಟಕದಲ್ಲಿ ಎಲ್ಲರೂ ಎದೆಗೆ ಇರಿತ ತಿಂದು ಸಾಯುತ್ತಿದ್ದರೆ ಇದನ್ನೊಮ್ಮೆ ನೆನಪು ಮಾಡಿಕೊಳ್ಳಿ.

ಉದ್ದ ಕೋಲುಗಳಲ್ಲಿ ಯಾವುದು?

ಆಯ್ಕೆ ಕಷ್ಟವಾಗುವುದು ಇಲ್ಲಿ. ಬರೀ ಈಟಿ, ಗುಡೆಂಡಾಗ್, ಹಾಲ್ಬರ್ಡ್, ಬಿಲ್, ಪೈಕ್ ಎಲ್ಲವೂ ಕೋಲಿನ ತುದಿಯ ಕಬ್ಬಿಣವೇ. ಆದರೆ ಒಂದೊಂದಕ್ಕೂ ಒಂದೊಂದು ಗುಣ.

ಸ್ಕಾಟ್ಲೆಂಡಿನವರು ಉದ್ದ ಈಟಿ ಹಿಡಿದು ಮುಳ್ಳುಹಂದಿಯ ಹಾಗೆ ಒತ್ತಾಗಿ ನಿಲ್ಲುತ್ತಿದ್ದರು. ಶಿಲ್ಟ್ರನ್ ಅಂತ ಅದಕ್ಕೆ ಹೆಸರು. 1298ರ ಜುಲೈ 22ರಂದು ಫಾಲ್ಕಿರ್ಕ್‌ನಲ್ಲಿ ವಿಲಿಯಂ ವಾಲೆಸ್ ನಾಲ್ಕು ಶಿಲ್ಟ್ರನ್ ನಿಲ್ಲಿಸಿದ. ಇಂಗ್ಲಿಷ್ ನೈಟ್‌ಗಳಿಂದ ಅದನ್ನು ಒಡೆಯಲಾಗಲಿಲ್ಲ. ಆಗ ಎಡ್ವರ್ಡ್ ಬಿಲ್ಲುಗಾರರನ್ನು ಮುಂದೆ ತಂದ. ಅಲುಗಾಡದೆ ನಿಂತ ಗುಂಪು ಬಾಣಕ್ಕೆ ಹೇಳಿ ಮಾಡಿಸಿದ ಗುರಿ. ಸಂದು ಬಿದ್ದಲ್ಲೆಲ್ಲ ಕುದುರೆ ನುಗ್ಗಿತು. ಹದಿನಾರು ವರ್ಷದ ನಂತರ, 1314ರ ಜೂನ್‌ನಲ್ಲಿ, ಬ್ಯಾನಕ್‌ಬರ್ನ್‌ನಲ್ಲಿ ರಾಬರ್ಟ್ ಬ್ರೂಸ್ ಅದೇ ಈಟಿ, ಅದೇ ಗುಂಪು ಬಳಸಿ ಗೆದ್ದ. ಏನು ಬದಲಾಗಿತ್ತು? ಅವನ ಶಿಲ್ಟ್ರನ್‌ಗಳು ನಡೆಯುವುದನ್ನು ಕಲಿತಿದ್ದವು. ಜೊತೆಗೆ ಇಂಗ್ಲಿಷ್ ಬಿಲ್ಲುಗಾರರನ್ನು ಚದುರಿಸೋಕೆ ಹಗುರ ಕುದುರೆಗಳನ್ನು ಬೇರೆಯೇ ಇಟ್ಟುಕೊಂಡಿದ್ದ. ಆಯುಧ ಬದಲಿಸದೆ ಫಲಿತಾಂಶ ಬದಲಿಸಿದ ಈ ಜೋಡಿ ಯುದ್ಧ ನನಗೆ ತುಂಬ ಇಷ್ಟ.

ಗುಡೆಂಡಾಗ್ ಅಂದರೆ ಫ್ಲೆಮಿಶ್ ಭಾಷೆಯಲ್ಲಿ ಶುಭದಿನ ಅಂತ ಅರ್ಥ ಬರುತ್ತದೆ. ಹೆಸರಿಟ್ಟವರ ಹಾಸ್ಯಪ್ರಜ್ಞೆ ನೋಡಿ. ಆಳುದ್ದದ ದಪ್ಪ ಕೋಲು, ಮೇಲೆ ಹೋದಂತೆ ಇನ್ನೂ ದಪ್ಪ, ತುದಿಗೆ ಒಂದು ಕಬ್ಬಿಣದ ಮೊಳೆ. ನಮ್ಮ ಒನಕೆಗೆ ಮುಳ್ಳು ಹಾಕಿದ ಹಾಗೆ. ಓಬವ್ವನ ಊರಿನವರಿಗೆ ಇದರ ಉಪಯೋಗ ಬಿಡಿಸಿ ಹೇಳಬೇಕಾಗಿಲ್ಲ. 1302ರ ಜುಲೈ 11ರಂದು ಕೊರ್ಟ್ರೈಕ್‌ನಲ್ಲಿ ಫ್ಲಾಂಡರ್ಸಿನ ನೇಕಾರರು, ಕಸುಬುದಾರರು ಇದನ್ನೂ ಉದ್ದ ಈಟಿಯನ್ನೂ ಬೆರೆಸಿ ಸಾಲು ಕಟ್ಟಿದರು. ಈಟಿ ಕುದುರೆಯನ್ನು ತಡೆಯುತ್ತದೆ, ಗುಡೆಂಡಾಗ್ ಸವಾರನನ್ನು ಕೆಡವಿ ಮುಗಿಸುತ್ತದೆ. ಮುಂದೆ ಹಳ್ಳ, ಕಾಲುವೆ, ಜೌಗು ನೆಲ. ಫ್ರಾನ್ಸಿನ ಆಯ್ದ ನೈಟ್‌ಗಳು ಅಲ್ಲಿ ಸತ್ತರು. ಕುದುರೆ ಓಡಿಸೋಕೆ ಅವರು ಕಟ್ಟಿಕೊಳ್ಳುತ್ತಿದ್ದ ಚಿನ್ನದ ಹಿಮ್ಮಡಿ ಮುಳ್ಳುಗಳನ್ನು ಆರಿಸಿ ತಂದು ಊರಿನ ಚರ್ಚಿನಲ್ಲಿ ನೇತುಹಾಕಿದರು. ಎಂಬತ್ತು ವರ್ಷ ಅವು ಅಲ್ಲೇ ಇದ್ದವು. 1382ರಲ್ಲಿ ರೋಸಬೆಕೆ ಅನ್ನುವಲ್ಲಿ ಫ್ಲೆಮಿಶರು ಮತ್ತೆ ಈಟಿ ಹಿಡಿದು ಒಂದೇ ದೊಡ್ಡ ಗುಂಪಾಗಿ ನುಗ್ಗಿದಾಗ ಫ್ರೆಂಚರು ಎರಡೂ ಪಕ್ಕದಿಂದ ಸುತ್ತುವರಿದು ಒತ್ತಿದರು. ತಿರುಗೋಕೆ ಜಾಗವಿಲ್ಲ, ಕೋಲು ಎತ್ತೋಕೆ ಜಾಗವಿಲ್ಲ. ನಮ್ಮ ಅಂಗಳದ ಹನ್ನೊಂದನೇ ಸಲದ ಕಥೆಯೇ. ಫ್ರೆಂಚರು ಚರ್ಚಿಗೆ ಹೋಗಿ ಮುಳ್ಳುಗಳನ್ನು ಇಳಿಸಿಕೊಂಡು, ಊರಿಗೆ ಬೆಂಕಿ ಇಟ್ಟು ಹೋದರು.

ಹಾಲ್ಬರ್ಡ್ ಸ್ವಿಸ್ ರೈತರ ಆಯುಧ. ಸುಮಾರು ಎರಡು ಮೀಟರ್ ಕೋಲು, ತುದಿಯಲ್ಲಿ ಚುಚ್ಚುವ ಮೊನೆ, ಪಕ್ಕಕ್ಕೆ ಕೊಡಲಿ, ಹಿಂದೆ ಸವಾರನನ್ನು ಎಳೆದು ಕೆಡಹುವ ಕೊಕ್ಕೆ. ಒಂದರಲ್ಲಿ ಮೂರು. ಒಬ್ಬೊಬ್ಬನೇ ಹೋರಾಡುವಾಗ ಇದಕ್ಕಿಂತ ಒಳ್ಳೆಯ ಕೋಲು ಆಯುಧ ನನ್ನ ಮಟ್ಟಿಗೆ ಇಲ್ಲ. ಆದರೆ ಉದ್ದ ಸಾಲದು. 1386ರಲ್ಲಿ ಸೆಂಪಾಖ್‌ನಲ್ಲಿ ಆಸ್ಟ್ರಿಯದ ನೈಟ್‌ಗಳು ಕುದುರೆಯಿಂದ ಇಳಿದು ತಮ್ಮ ಉದ್ದ ಭರ್ಜಿಗಳನ್ನೇ ಸಾಲಾಗಿ ಚಾಚಿದಾಗ ಸ್ವಿಸ್ಸರಿಗೆ ಒಳಗೆ ಹೋಗೋಕಾಗಲಿಲ್ಲ. ವಿಂಕೆಲ್ರಿಡ್ ಅನ್ನುವವನು ಎಷ್ಟೋ ಭರ್ಜಿಗಳನ್ನು ಬಾಚಿ ತನ್ನ ಎದೆಗೇ ಚುಚ್ಚಿಕೊಂಡು ದಾರಿ ಮಾಡಿಕೊಟ್ಟ ಅನ್ನುವ ಐತಿಹ್ಯ ಹುಟ್ಟಿದ್ದು ಈ ಇಕ್ಕಟ್ಟಿನಿಂದಲೇ. ಕಥೆ ನಿಜವೋ ಅಲ್ಲವೋ, ಸಮಸ್ಯೆ ನಿಜ. ಒಮ್ಮೆ ಒಳಗೆ ಹೋದ ಮೇಲೆ ಹಾಲ್ಬರ್ಡ್ ಉಳಿದ ಕೆಲಸ ಮುಗಿಸಿತು, ಡ್ಯೂಕ್ ಲಿಯೊಪೋಲ್ಡನೇ ಸತ್ತ. 1422ರಲ್ಲಿ ಅರ್ಬೇಡೊದಲ್ಲಿ ಮಿಲಾನಿನ ಸೈನ್ಯ ಇದೇ ರೀತಿ ಕೆಳಗಿಳಿದು ನಿಂತಾಗ ಮಾತ್ರ ಸ್ವಿಸ್ಸರು ಸೋತರು. ಅಲ್ಲಿಂದ ಮುಂದೆ ಅವರ ಸೈನ್ಯದಲ್ಲಿ ಪೈಕ್ ಜಾಸ್ತಿಯಾಗುತ್ತ ಹೋಯಿತು. ಹಾಲ್ಬರ್ಡ್ ಹೋಗಲಿಲ್ಲ. ಗುಂಪಿನ ನಡುವೆ, ಬಾವುಟದ ಸುತ್ತ ನಿಂತಿತು. ಹೊರಗೆ ಪೈಕಿನ ಬೇಲಿ, ಒಳಗೆ ಹಾಲ್ಬರ್ಡ್. ಈ ಜೋಡಿಯೇ 1476ರಲ್ಲಿ ಗ್ರಾಂಡ್ಸನ್, ಮೂರ್ಟೆನ್‌ಗಳಲ್ಲಿ ಬರ್ಗಂಡಿಯ ಚಾರ್ಲ್ಸನನ್ನು ಸೋಲಿಸಿ, 1477ರ ಜನವರಿಯಲ್ಲಿ ನಾನ್ಸಿಯಲ್ಲಿ ಅವನನ್ನೇ ಕೊಂದಿತು. ಹೆಪ್ಪುಗಟ್ಟಿದ ನೆಲದಲ್ಲಿ ಕೆಲವು ದಿನದ ಮೇಲೆ ಹೆಣ ಸಿಕ್ಕಾಗ ತಲೆ ಸೀಳಿತ್ತು.

ಪೈಕ್ ದಳದ ಬಲ ಏನೆಂದರೆ ಮೊದಲ ಮೂರ್ನಾಲ್ಕು ಸಾಲಿನವರ ಮೊನೆಗಳೂ ಮುಂದೆ ಚಾಚಿರುತ್ತವೆ. ಕತ್ತಿಯವನು ಒಬ್ಬನನ್ನು ದಾಟಿದರೆ ಎರಡನೆಯವನ ಮೊನೆ, ಅದನ್ನು ದಾಟಿದರೆ ಮೂರನೆಯದು. ತೊಂದರೆ ಏನೆಂದರೆ ಇದಕ್ಕೆ ಸಮನೆಲ ಬೇಕು, ಹೆಜ್ಜೆ ತಪ್ಪದ ಅಭ್ಯಾಸ ಬೇಕು, ಪಕ್ಕ ಕಾಯುವವರು ಬೇಕು. ಇಪ್ಪತ್ತು ಜನರಿಗೆ ಪೈಕ್ ಕೊಡಬೇಡಿ. ಇನ್ನೂರು ಜನರಿದ್ದೂ ತಿಂಗಳುಗಟ್ಟಲೆ ಕವಾಯತು ಮಾಡಿಸದಿದ್ದರೂ ಕೊಡಬೇಡಿ.

ಪೈಕ್ ಹೇಗೆ ಸೋಲುತ್ತದೆ?

ಹತ್ತಿರ ಹತ್ತಿರದ ಎರಡು ವರ್ಷ, ಎರಡು ಉತ್ತರ. ಮಧ್ಯಯುಗ ಆಗಲೇ ಮುಗಿದಿತ್ತು ಅಂತ ಕೆಲವರು ತಕರಾರು ತೆಗೆಯಬಹುದು, ತೆಗೆಯಲಿ.

1512ರ ಏಪ್ರಿಲ್, ಇಟಲಿಯ ರವೆನ್ನ. ಸ್ಪೇನಿನ ಕಾಲಾಳುಗಳ ಕೈಯಲ್ಲಿ ಕತ್ತಿ, ಸಣ್ಣ ಗುರಾಣಿ. ಎದುರಿಗೆ ಫ್ರಾನ್ಸಿನ ಪರವಾಗಿ ನಿಂತ ಜರ್ಮನ್ ಪೈಕ್ ದಳ. ಸ್ಪೇನಿನವರು ಬಗ್ಗಿ, ಪೈಕುಗಳ ಅಡಿಯಿಂದ ನುಸುಳಿ, ಒಳಗೆ ಹೋಗಿ ಇರಿಯತೊಡಗಿದರು. ನಮ್ಮ ಹುಡುಗ ಮೊದಲ ಸಲ ಮಾಡಿದ ಹಾಗೆಯೇ. ಫ್ರೆಂಚ್ ಸವಾರರು ಬಂದು ಬಿಡಿಸದಿದ್ದರೆ ಜರ್ಮನರು ಒಬ್ಬರೂ ಉಳಿಯುತ್ತಿರಲಿಲ್ಲ ಅಂತ ಆ ಕಾಲದ ಇಟಲಿಯ ಬರಹಗಾರ ಮಕಿಯಾವೆಲ್ಲಿ ಬರೆದಿದ್ದಾನೆ. ಕತ್ತಿ ಅಭಿಮಾನಿಗಳು ಇಲ್ಲಿಗೆ ಓದು ನಿಲ್ಲಿಸಿ ಸಂಭ್ರಮಿಸುತ್ತಾರೆ. ಸವಾರರು ಬಂದರು ಅನ್ನುವ ಭಾಗವನ್ನೂ ಓದಬೇಕಲ್ಲ. ಕತ್ತಿ, ಗುರಾಣಿಯವರ ಬಳಿ ಕುದುರೆಯನ್ನು ದೂರ ಇಡುವಂಥದ್ದು ಏನೂ ಇರಲಿಲ್ಲ.

1513ರ ಸೆಪ್ಟೆಂಬರ್ 9, ಇಂಗ್ಲೆಂಡಿನ ಉತ್ತರದ ಫ್ಲಾಡನ್. ಈಗ ಪೈಕ್ ಹಿಡಿದವರು ಸ್ಕಾಟರು, ದೊರೆ ನಾಲ್ಕನೇ ಜೇಮ್ಸ್ ಜೊತೆಗಿದ್ದಾನೆ. ಎದುರಿನ ಇಂಗ್ಲಿಷರ ಕೈಯಲ್ಲಿ ಬಿಲ್. ಬಿಲ್ ಅಂದರೆ ಬೇಲಿ ಸವರುವ ಕೊಕ್ಕೆಗತ್ತಿಯನ್ನು ಉದ್ದ ಕೋಲಿಗೆ ಸಿಕ್ಕಿಸಿದ್ದು. ಅಂದರೆ ದೋಟಿಯೇ, ಗಿಡ್ಡ, ಗಟ್ಟಿ. ಸ್ಕಾಟರು ಗುಡ್ಡದಿಂದ ಇಳಿದರು, ಕೆಳಗೆ ಜೌಗು, ಹಳ್ಳ. ಹೆಜ್ಜೆ ತಪ್ಪಿತು, ಸಾಲು ಒಡೆಯಿತು, ಮೊನೆಗಳು ಒಂದೊಂದು ದಿಕ್ಕಿಗೆ. ಆಗ ಪೈಕ್ ಎಸೆದು ಕತ್ತಿ ಎಳೆದರು. ಆದರೆ ಬಿಲ್ ಕತ್ತಿಗಿಂತ ಉದ್ದ. ಪೈಕಿಗೆ ತೀರಾ ಹತ್ತಿರ, ಕತ್ತಿಗೆ ತೀರಾ ದೂರ, ಆ ನಡುವಿನ ಜಾಗದಲ್ಲಿ ಸ್ಕಾಟರು ಸತ್ತರು. ದೊರೆಯೂ ಸತ್ತ.

ಎರಡನೇ ಆಯುಧ ಅಂದರೆ ಸುಮ್ನೆ ಸೊಂಟದಲ್ಲಿ ಇರುವುದಲ್ಲ. ಮೊದಲನೆಯದು ಕೈಬಿಟ್ಟಾಗ ಎದುರಿನವನ ಕೈಯಲ್ಲಿ ಏನಿದೆ ಅನ್ನುವುದರ ಮೇಲೆ ಅದರ ಬೆಲೆ.

ಸರಿ, ಕತ್ತಿಯೇ ಬೇಕು. ಯಾವುದು?

ಒಂಟಿ ಕೈಯ ಕತ್ತಿ ಮತ್ತು ಬಕ್ಲರ್ ಅನ್ನುವ ಊಟದ ತಟ್ಟೆಯಷ್ಟು ಗುರಾಣಿ. ಬಿಲ್ಲುಗಾರನಿಗೆ, ಪೈಕ್‌ನವನಿಗೆ, ರಾತ್ರಿ ಊರು ಸುತ್ತುವವನಿಗೆ ಎಲ್ಲರಿಗೂ ಸೈ. ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆಯಬಹುದು. ಬಕ್ಲರ್ ಮುಖ್ಯವಾಗಿ ಕತ್ತಿ ಹಿಡಿದ ಕೈಯನ್ನೇ ಕಾಯುತ್ತದೆ. ಇವತ್ತಿಗೆ ಉಳಿದಿರುವ ಅತಿ ಹಳೆಯ ಯುರೋಪಿಯನ್ ಕತ್ತಿವರಸೆ ಕೈಬರಹ 1300ರ ಆಸುಪಾಸಿನದು, ಲೀಡ್ಸ್ ಪಟ್ಟಣದ ಆಯುಧ ಸಂಗ್ರಹಾಲಯದಲ್ಲಿದೆ. ಅದರ ತುಂಬ ಕಲಿಸುವುದು ಈ ಜೋಡಿಯನ್ನೇ. ಕಲಿಸುವವನು ಒಬ್ಬ ಪಾದ್ರಿ, ಕೊನೆಗೆ ಕತ್ತಿ ಹಿಡಿದು ನಿಲ್ಲುವವಳು ವಾಲ್ಪುರ್ಗಿಸ್ ಅನ್ನುವ ಹೆಂಗಸು. ಕಥೆಗಾರರೇ, ಕೇಳಿಸ್ತಾ?

ಫಾಲ್ಷನ್ ಅನ್ನುವುದು ಒಂದೇ ಅಂಚಿನ, ತುದಿಯ ಕಡೆ ಅಗಲವಾದ ಕತ್ತಿ. ನಮ್ಮ ಮಚ್ಚಿನ ಸಿರಿವಂತ ಅಣ್ಣ. ಕವಚ ಇಲ್ಲದವರ ಮೇಲೆ ಭಯಂಕರ. ಕವಚ ಇದ್ದವರ ಮೇಲೆ ಅಷ್ಟಕ್ಕಷ್ಟೆ.

ಎರಡು ಕೈಯಲ್ಲಿ ಹಿಡಿಯಬಹುದಾದ ಉದ್ದ ಕತ್ತಿ, 1.2ರಿಂದ 1.8 ಕಿಲೋ, ಒಟ್ಟು ಉದ್ದ 110ರಿಂದ 130 ಸೆಂಟಿಮೀಟರ್. 1350ರ ನಂತರ ಉಕ್ಕಿನ ತಗಡಿನ ಕವಚ ಬಂದಂತೆ ಇದು ಚೂಪಾಗುತ್ತ ಹೋಯಿತು. ತಗಡನ್ನು ಕತ್ತಿಯಿಂದ ಕಡಿಯೋಕಾಗುವುದಿಲ್ಲ, ಈ ಮಾತು ಗೋಡೆಗೆ ಬರೆದಿಟ್ಟುಕೊಳ್ಳಿ. ಅದಕ್ಕೇ ಒಂದು ಕೈಯಲ್ಲಿ ಹಿಡಿ, ಇನ್ನೊಂದು ಕೈಯಲ್ಲಿ ಅಲಗಿನ ನಡುಭಾಗವನ್ನೇ ಹಿಡಿದು ಗಿಡ್ಡ ಭರ್ಜಿಯ ಹಾಗೆ ಕಂಕುಳಿಗೆ, ಮುಖಗವಚದ ಸಂದಿಗೆ, ತೊಡೆಸಂದಿಗೆ ಚುಚ್ಚುತ್ತಿದ್ದರು. ಅದೂ ಆಗದಿದ್ದರೆ ಕತ್ತಿಯನ್ನು ಉಲ್ಟಾ ಹಿಡಿದು, ಅಲಗು ಕೈಯಲ್ಲಿ, ಹಿಡಿಯ ಗುಂಡಿನಿಂದ ಸುತ್ತಿಗೆ ಏಟು. ಹದಿನೈದನೇ ಶತಮಾನದ ವರಸೆ ಕೈಬರಹಗಳಲ್ಲಿ ಇದರ ಚಿತ್ರಗಳೇ ಇವೆ. ಗಟ್ಟಿಯಾಗಿ ಒತ್ತಿ ಹಿಡಿದು, ಜಾರಲು ಬಿಡದಿದ್ದರೆ ಕೈ ಕುಯ್ಯುವುದಿಲ್ಲ. ಮನೆಯಲ್ಲಿ ಪ್ರಯೋಗ ಬೇಡ.

ಇನ್ನು ಆಳೆತ್ತರದ ದೊಡ್ಡ ಕತ್ತಿ. ಎರಡರಿಂದ ಮೂರೂವರೆ ಕಿಲೋ, 1500ರ ಆಸುಪಾಸಿನ ಜರ್ಮನ್ ಬಾಡಿಗೆ ಸೈನಿಕರದ್ದು. ಮುಂದೆ ನಿಂತು ಹೋರಾಡುವವರಿಗೆ ಎರಡು ಪಟ್ಟು ಸಂಬಳ. ಬೀಸೋಕೆ ಸುತ್ತಲೂ ಜಾಗ ಬೇಕು, ಹಾಗಾಗಿ ಸಾಲಿನೊಳಗೆ ಬೇಡ. ಬಾವುಟ ಕಾಯೋಕೆ ಚೆನ್ನ. ಅದೇ ಜರ್ಮನರ ಸೊಂಟದಲ್ಲಿ ಕಾಟ್ಸ್‌ಬಾಲ್ಗರ್ ಅನ್ನುವ ಗಿಡ್ಡ, ಅಗಲ ಕತ್ತಿಯೂ ಇರುತ್ತಿತ್ತು. ಪೈಕ್ ಕೈಬಿಟ್ಟ ಕ್ಷಣಕ್ಕೆ ನಾನು ಆರಿಸುವುದು ಅದನ್ನೇ.

ಬಿಲ್ಲು, ಗಾಡಿ

ಬೇಗ ಹೇಳಿಬಿಡುತ್ತೇನೆ. ಇಂಗ್ಲಿಷ್ ಉದ್ದಬಿಲ್ಲು ಬೇಕೆಂದರೆ ಬಾಲ್ಯದಿಂದ ಅಭ್ಯಾಸ ಬೇಕು. 1363ರಲ್ಲಿ ಮೂರನೇ ಎಡ್ವರ್ಡ್ ರಜಾದಿನಗಳಲ್ಲಿ ಬೇರೆ ಆಟ ಬಿಟ್ಟು ಬಿಲ್ಲು ಎಳೆಯಿರಿ ಅಂತ ಆಜ್ಞೆ ಮಾಡಿದ್ದು ಅದಕ್ಕೇ. ಅಷ್ಟು ಸಮಯ ಇಲ್ಲದವರಿಗೆ ಅಡ್ಡಬಿಲ್ಲು. ನಿಧಾನ, ಆದರೆ ಬೇಗ ಕಲಿಯಬಹುದು. ಇಲ್ಲೂ ಕತ್ತಿ ಬಂದೇ ಬರುತ್ತದೆ. 1415ರ ಅಕ್ಟೋಬರ್ 25ರಂದು ಅಜಿನ್‌ಕೋರ್ಟ್‌ನಲ್ಲಿ ರಾತ್ರಿಯ ಮಳೆಗೆ ಉತ್ತ ಹೊಲ ಕೆಸರಾಗಿತ್ತು. ಕವಚ ತೊಟ್ಟ ಫ್ರೆಂಚರು ಅದರಲ್ಲಿ ಹೂತು, ಒಬ್ಬರ ಮೇಲೊಬ್ಬರು ಬಿದ್ದಾಗ ಬಿಲ್ಲುಗಾರರು ಬಿಲ್ಲು ಕೆಳಗಿಟ್ಟು ಕತ್ತಿ, ಚೂರಿ, ಕುದುರೆ ತಡೆಯೋಕೆ ಮುಂದೆ ನೆಡುವ ಚೂಪು ಗೂಟ ಬಡಿಯುವ ಕೊಡತಿಯನ್ನೇ ಹಿಡಿದು ನುಗ್ಗಿದರು. ಗೂಟ ನೆಡೋಕೆ ಸಮಯ ಸಿಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 1429ರಲ್ಲಿ ಫ್ರಾನ್ಸಿನ ಪಟೇಯಲ್ಲಿ ನಡೆದ ಯುದ್ಧ ನೋಡಿ. ಫ್ರೆಂಚ್ ಸವಾರರು ಇಂಗ್ಲಿಷ್ ಬಿಲ್ಲುಗಾರರನ್ನು ತುಳಿದು ಹೋದರು.

ಬೊಹೀಮಿಯದ (ಈಗಿನ ಚೆಕ್ ದೇಶ) ಸೇನಾಪತಿ ಯಾನ್ ಜಿಷ್ಕಾ ತನ್ನ ರೈತರಿಗೆ ಸಾಲು ಕಟ್ಟೋದನ್ನು ಕಲಿಸುತ್ತ ಕೂರಲಿಲ್ಲ. ಎತ್ತಿನಗಾಡಿಯಂಥ ಗಾಡಿಗಳನ್ನು ಸರಪಳಿಯಲ್ಲಿ ಬಿಗಿದು ಕೋಟೆ ಮಾಡಿದ. ಒಳಗಿನಿಂದ ಅಡ್ಡಬಿಲ್ಲು, ಕೈಬಂದೂಕು. ಹತ್ತಿರ ಬಂದವರಿಗೆ ಕಾಳು ಬಡಿಯುವ ಕೋಲಿಗೆ ಮುಳ್ಳು ಹೊಡೆದದ್ದು. 1420ರಿಂದ ಸೋಲೇ ಇಲ್ಲದ ಹಾಗೆ ನಡೆಯಿತು. ಅಭ್ಯಾಸ ಇಲ್ಲದ ಜನ, ಗಾಡಿ ಇದೆ, ಜಾಗ ನೀವೇ ಆರಿಸಬಹುದು ಅಂದರೆ ಕಣ್ಣು ಮುಚ್ಚಿ ಇದನ್ನೇ ಆರಿಸಿ. ಗಾಡಿ ಬಿಟ್ಟು ಹೊರಗೆ ಮಾತ್ರ ಓಡಬೇಡಿ. 1434ರಲ್ಲಿ ಲಿಪಾನಿಯಲ್ಲಿ ಜಿಷ್ಕಾನ ನಂತರದವರು ಓಡಿದರು, ಅಲ್ಲಿಗೆ ಮುಗಿಯಿತು. ಹೇಸ್ಟಿಂಗ್ಸ್‌ನ ಹಳೇ ತಪ್ಪೇ.

ಹಾಗಾದರೆ ಯಾರಿಗೆ ಏನು?

ನಿಮ್ಮ ಪಾತ್ರ ಒಬ್ಬನೇ ದಾರಿಯಲ್ಲಿ ಹೋಗುವವನಾದರೆ ಕತ್ತಿ, ಬಕ್ಲರ್. ಪೈಕ್ ಹೊತ್ತು ಹೋಟೆಲಿಗೆ ಹೋಗೋಕಾಗುವುದಿಲ್ಲ. ಕತ್ತಿಯ ದೊಡ್ಡ ಗುಣವೇ ಅದು, ದಿನವಿಡೀ ಮೈಮೇಲೆ ಇರುತ್ತದೆ. ಐವತ್ತು ಜನ ಹಳ್ಳಿಯವರು, ಕಾಡು, ಕಣಿವೆ ಅಂದರೆ ಹಾಲ್ಬರ್ಡ್ ಅಥವಾ ಬಿಲ್. ಸಾವಿರ ಜನ, ಕವಾಯತು ಆಗಿದೆ, ಬಯಲು ಅಂದರೆ ಪೈಕ್, ಒಳಗಡೆ ಹಾಲ್ಬರ್ಡ್, ಪಕ್ಕಕ್ಕೆ ಬಿಲ್ಲುಗಾರರು. ಇಕ್ಕಟ್ಟಾದ ಕೋಟೆ ಮೆಟ್ಟಿಲು, ಸುರಂಗ, ಹಡಗು ಅಂದರೆ ಗಿಡ್ಡ ಕತ್ತಿ, ಎರಡನೇ ಮಾತಿಲ್ಲ. ತಗಡಿನ ಕವಚದ ನೈಟ್ ಎದುರಿಗಿದ್ದರೆ ಕತ್ತಿ ಒರೆಯಲ್ಲೇ ಇರಲಿ, ಸುತ್ತಿಗೆಯಂಥದ್ದು ಏನಾದರೂ ಹುಡುಕಿ.

ಓಡುವವರನ್ನು ಅಟ್ಟುವಾಗಿನ ಮಾತು ಉಳಿಯಿತು. 1461ರ ಮಾರ್ಚ್ 29ರಂದು ಹಿಮ ಬೀಳುವ ಹೊತ್ತಿನಲ್ಲಿ ಟೌಟನ್ ಅನ್ನುವಲ್ಲಿ ಇಂಗ್ಲಿಷರು ಇಂಗ್ಲಿಷರನ್ನೇ ಕೊಂದರು. 1996ರಲ್ಲಿ ಅಲ್ಲಿ ಕಟ್ಟಡ ಕೆಲಸದ ವೇಳೆ ಒಂದು ಗುಂಡಿ ತೆರೆದುಕೊಂಡಿತು. ಸಿಕ್ಕ ಅಸ್ಥಿಪಂಜರಗಳಲ್ಲಿ ಹೆಚ್ಚಿನ ಗಾಯ ತಲೆಗೆ, ಕೆಲವಕ್ಕೆ ಕೈ ಅಡ್ಡ ಹಿಡಿದಾಗ ಬಿದ್ದ ಏಟು ಮುಂಗೈ ಮೂಳೆಗೆ. ಒಬ್ಬನ ತಲೆಬುರುಡೆಯಲ್ಲಿ ಎಂಟು ಏಟು. ಶಿರಸ್ತ್ರಾಣ ಆಗಲೇ ಹೋಗಿತ್ತು ಅನ್ನಿಸುತ್ತದೆ. ಸಾಲು ಇಲ್ಲದ ಜಾಗದಲ್ಲಿ ಕತ್ತಿಗೂ ಕೊಡಲಿಗೂ ಪೂರ್ತಿ ಸ್ವಾತಂತ್ರ್ಯ.

ಅಕ್ಕನ ಮಗ ಮೊನ್ನೆ ಫೋನಿನಲ್ಲಿ ತನ್ನ ಹೊಸ ಸೈನ್ಯದ ಫೋಟೋ ಕಳಿಸಿದ್ದ. ಮುಂದೆ ಪೈಕ್, ನಡುವೆ ಹಾಲ್ಬರ್ಡ್, ಎಡಗಡೆ ಬಿಲ್ಲುಗಾರರು. ಬಲಗಡೆ ಪೂರ್ತಿ ಖಾಲಿ. "ಹೆಂಗಿದೆ ಮಾವ?" ಅಂತ ಕೇಳಿದ್ದ. ಚೆನ್ನಾಗಿದೆ, ಆಡು ಅಂತ ಉತ್ತರ ಹಾಕಿದೆ.